ದೊಡ್ಡಕ್ಕನ ನಡುಕ

ನಮ್ಮ ಮನೆಗೆ ಅಂಟಿಕೊಂಡಿರುವ ಶೆಡ್ಡಿನಲ್ಲಿ ಒಂದು ಅಮೆರಿಕದ ಕಾರು ಇದೆ. ಅದು ಬಂದದ್ದು ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು, ಹಾಗಾಗಿ ವರಸೆಯಲ್ಲಿ ನನಗೆ ಅಕ್ಕ. ಅಪ್ಪನೂ ಅದನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದ. ಹದಿನೆಂಟು ಅಡಿ ಉದ್ದ, ಹಿಂದೆ ಎರಡು ರೆಕ್ಕೆ, ಮುಂದೆ ಹಲ್ಲು ಕಿರಿದ ಹಾಗಿರುವ ಕ್ರೋಮಿಯಂ ಜಾಲರಿ. ಶೆಡ್ಡಿನ ಬಾಗಿಲು ಒಂದು ದಿನವೂ ಮುಚ್ಚಿದ್ದಿಲ್ಲ, ಏಕೆಂದರೆ ಅವಳ ಹಿಂಭಾಗ ಒಂದು ಮೊಳ ಹೊರಗೇ ಉಳಿಯುತ್ತಿತ್ತು.

ಅಪ್ಪ ಕೆಲಸ ಮಾಡುತ್ತಿದ್ದ ಗ್ಯಾರೇಜಿಗೆ ಯಾರೋ ಅದನ್ನು ರಿಪೇರಿಗೆಂದು ತಂದವರು, ಬಿಡಿಭಾಗ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಆ ಕಡೆ ತಲೆಯನ್ನೇ ಹಾಕಲಿಲ್ಲವಂತೆ. ‘ಜಾಗ ಖಾಲಿಯಾದರೆ ಸಾಕು, ನೀನೇ ತಗೊಂಡು ಹೋಗು’ ಎಂದು ಮಾಲೀಕರು ಹೇಳಿದ್ದೇ ತಡ, ಅಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ತಳ್ಳಿಕೊಂಡೇ ಮನೆಗೆ ತಂದ. ಮದುವೆಯಾಗಿ ಮೂರು ತಿಂಗಳಾಗಿದ್ದ ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಒಂದು ವಾರ ಮಾತು ಬಿಟ್ಟಳಂತೆ. ‘ಮುಂದಿನ ವರ್ಷ ಓಡಿಸಿ ತೋರಿಸ್ತೀನಿ’ ಎಂದು ಅಪ್ಪ ಅವಳಿಗೆ ವರ್ಷ ವರ್ಷವೂ ಹೇಳಿದ. ಅಮ್ಮ ಹೋಗಿ ಈಗ ಒಂಬತ್ತು ವರ್ಷ.

ಮನೆಯಲ್ಲಿ ಇರುವವರು ಮೂರೇ ಜನ. ಅಪ್ಪ, ನಾನು, ಇವರು. ನಾನು ವಾಹನಗಳ ಸೀಟು ಹೊಲಿಯುವವಳು. ಮನೆಯ ಮುಂಭಾಗದಲ್ಲೇ ನನ್ನ ಅಂಗಡಿ. ಇವರು ಎಲೆಕ್ಟ್ರಿಷಿಯನ್, ಜೊತೆಗೆ ಮನೆ ಅಳಿಯ. ಮನೆ ಅಳಿಯ ಎಂದು ಯಾರಾದರೂ ತಮಾಷೆ ಮಾಡಿದರೆ, ‘ನಾನು ಬಂದಿದ್ದು ಕಾರು ನೋಡಿ, ಹುಡುಗಿ ಅದರ ಜೊತೆ ಬಂದಳು’ ಎನ್ನುತ್ತಾರೆ. ಈ ಜೋಕಿಗೆ ಇಪ್ಪತ್ತು ವರ್ಷವಾಯಿತು. ನಾನಿನ್ನೂ ನಕ್ಕಿಲ್ಲ.

ಅಪ್ಪನ ಕಿವಿ ಒಂದೇ ಸಲಕ್ಕೆ ಹೋಗಲಿಲ್ಲ. ಎಂಜಿನ್ನುಗಳ ನಡುವೆ ಬಾಳಿದ ಮನುಷ್ಯ, ಮೊದಲು ಎಡಗಿವಿ ಮಂದವಾಯಿತು, ಆಮೇಲೆ ಬಲಗಿವಿ. ಡಾಕ್ಟರು ನರವೇ ಸತ್ತಿದೆ ಎಂದರು. ಕಿವಿಗೆ ಹಾಕುವ ಮೆಷಿನ್ನು ತಂದೆವು. ಅದರಲ್ಲಿ ಬರೀ ಕುಕ್ಕರ್ ಕೂಗಿದ ಹಾಗೆ ಕೇಳುತ್ತದೆ ಎಂದು ತೆಗೆದಿಟ್ಟ. ಆದರೂ ನಮಗೆ ಅಷ್ಟೇನೂ ಕಷ್ಟವಾಗಲಿಲ್ಲ. ಗ್ಯಾರೇಜಿನ ಗದ್ದಲದಲ್ಲಿ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತು ಹಿಡಿಯುವುದು ಅವರಿಗೆಲ್ಲ ಅಭ್ಯಾಸ. ನಮ್ಮ ಮುಖ ನೋಡುತ್ತಾ ಇದ್ದರೆ ಅಪ್ಪನಿಗೆ ಎಲ್ಲವೂ ಗೊತ್ತಾಗುತ್ತಿತ್ತು, ನಾನು ಹಲ್ಲು ಕಚ್ಚಿಕೊಂಡು ಬೈದದ್ದೂ ಸೇರಿ.

ಎರಡು ವರ್ಷದ ಹಿಂದೆ ಅಪ್ಪ ಒಂದು ವ್ಯಾನಿನ ಎಂಜಿನ್ ಬಿಚ್ಚಿ ಕಟ್ಟಿ, ‘ಹಾಲು ಕುಡಿದ ಮಗು ಥರ ಇದೆ, ತಗೊಂಡು ಹೋಗಿ’ ಎಂದು ವ್ಯಾನಿನವನಿಗೆ ಕೀ ಕೊಟ್ಟ. ಎಂಜಿನ್ನು ಕೆಳಗಿನಿಂದ ಟಕಟಕ ಬಡಿದುಕೊಳ್ಳುತ್ತಿತ್ತಂತೆ, ರಸ್ತೆಯಲ್ಲಿ ಹೋಗುವವರಿಗೂ ಕೇಳುವಷ್ಟು. ಅವತ್ತು ಗಡಿಬಿಡಿಯಲ್ಲಿ ಅಪ್ಪ ಅದರ ಮೇಲೆ ಕೈ ಇಟ್ಟು ನೋಡಿರಲಿಲ್ಲ. ವ್ಯಾನಿನವನು ರೇಗಾಡಿದ. ಅಪ್ಪನ ಕೈ ಕೆಳಗೆ ಕೆಲಸ ಕಲಿತ ಇಬ್ಬರು ಮೂಲೆಯಲ್ಲಿ ನಿಂತು ನಕ್ಕರು. ‘ಕಿವುಡು ಮೇಸ್ತ್ರಿಗೆ ಇನ್ನು ಮೂಕ ಗಾಡಿ ಕೊಡಬೇಕು’ ಎಂದು ಒಬ್ಬ ಅಂದನಂತೆ. ದೂರದಲ್ಲಿದ್ದ ಅಪ್ಪ ಅದನ್ನು ಅವನ ತುಟಿಯ ಮೇಲೆ ಓದಿದ.

ಅವತ್ತು ಮನೆಗೆ ಬಂದವನು ಮತ್ತೆ ಗ್ಯಾರೇಜಿಗೆ ಹೋಗಲಿಲ್ಲ. ಅದಾದರೂ ಹೋಗಲಿ, ಅಪ್ಪ ಮುಖ ನೋಡುವುದನ್ನೇ ಬಿಟ್ಟ. ಯಾರು ಎದುರು ನಿಂತರೂ ಕಣ್ಣು ಅವರ ಕಾಲಿನ ಮೇಲೆ. ತುಟಿ ನೋಡದಿದ್ದ ಮೇಲೆ ಮಾತು ಎಲ್ಲಿಂದ ಬರಬೇಕು? ತನ್ನ ಧ್ವನಿ ಎಷ್ಟು ಎತ್ತರಕ್ಕೆ ಹೋಗುತ್ತದೋ ಎಂಬ ಹೆದರಿಕೆಗೆ ತಾನೂ ಬಾಯಿಗೆ ಬೀಗ ಹಾಕಿಕೊಂಡ. ಒಣಗಿದ ಬಟ್ಟೆಗಳನ್ನು ಮಡಚುವುದು ಅಪ್ಪನ ಕೆಲಸವಾಯಿತು. ಇವರ ಬನಿಯನ್ನನ್ನೂ ಅಂಚಿಗೆ ಅಂಚು ಕೂಡಿಸಿ, ಸ್ಕೇಲಿಟ್ಟು ಮಡಚಿದ ಹಾಗೆ ಮಡಚುತ್ತಿದ್ದ. ಅಪ್ಪ ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡಲಿ, ನನಗೆ ಬೇರೇನೂ ಬೇಡ ಎಂದುಕೊಳ್ಳುತ್ತಿದ್ದೆ.

ನಾನು ಅತ್ತು ಕೂರುವ ಜಾತಿಯವಳಲ್ಲ. ನನಗೆ ಕೋಪ ಬರುತ್ತದೆ. ಒಂದು ಬೆಳಿಗ್ಗೆ ಶೆಡ್ಡಿಗೆ ಹೋಗಿ ದೊಡ್ಡಕ್ಕನ ಮೇಲಿನ ಟಾರ್ಪಾಲು ಎಳೆದು ಹಾಕಿದೆ. ‘ಇದನ್ನ ರೆಡಿ ಮಾಡೋಣ’ ಎಂದೆ ಇವರಿಗೆ.

‘ನಾವಿಬ್ಬರಾ? ನಿನಗೆ ಸೀಟು ಗೊತ್ತು, ನನಗೆ ವೈರು ಗೊತ್ತು. ಮಧ್ಯೆ ಎಂಜಿನ್ ಅಂತ ಒಂದಿದೆಯಲ್ಲ ತಾಯಿ?’

‘ಸ್ಪ್ಯಾನರ್ ತಗೊಳ್ಳಿ. ಮೇಲೆ ಸಾಲಾಗಿ ಬೋಲ್ಟ್ ಕಾಣ್ತಿದೆಯಲ್ಲ, ಈ ಕಡೆಯಿಂದ ಒಂದೊಂದೇ ಬಿಚ್ಚಿಕೊಂಡು ಬನ್ನಿ.’

ಎಂಜಿನ್ನಿನ ತಲೆಯ ಬೋಲ್ಟುಗಳನ್ನು ಹಾಗೆ ಬಿಚ್ಚಬಾರದು. ಅಡ್ಡಡ್ಡವಾಗಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಹೋಗಬೇಕು. ಒಂದೇ ಕಡೆಯಿಂದ ಬಿಚ್ಚಿದರೆ ಲೋಹ ಸೊಟ್ಟಗಾಗುತ್ತದೆ. ಮೇಸ್ತ್ರಿಯ ಮಗಳಿಗೆ ಅಷ್ಟು ಗೊತ್ತಿತ್ತು. ಇವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಗಾಳ ಹಾಕಬೇಕಾದರೆ ಹುಳ ಬೇಕಲ್ಲ, ಗಂಡನನ್ನೇ ಸಿಕ್ಕಿಸಿದೆ. ಆ ಬೋಲ್ಟುಗಳೋ, ನಲವತ್ತೈದು ವರ್ಷದ ತುಕ್ಕು ಹಿಡಿದು ಒಂದೂ ಜಗ್ಗಲಿಲ್ಲ. ಇವರು ಎರಡು ದಿನ ಸ್ಪ್ಯಾನರಿಗೆ ಜೋತುಬಿದ್ದು, ಎಣ್ಣೆ ಬಿಟ್ಟು, ನನ್ನನ್ನು ಬೈದು, ಬೆವರು ಸುರಿಸಿದರು. ಅಪ್ಪ ಶೆಡ್ಡಿನ ಬಾಗಿಲ ಹತ್ತಿರ ಬಟ್ಟೆ ಮಡಚುತ್ತಾ ಕೂತಿದ್ದ. ಇವರ ಕೈಯನ್ನೇ ನೋಡುತ್ತಿದ್ದ.

ಮೂರನೇ ದಿನ ಮೊದಲ ಬೋಲ್ಟು ಕಿರ್ರೆಂದು ಸಡಿಲವಾಯಿತು. ಇವರು ಗೆದ್ದ ಸಂಭ್ರಮದಲ್ಲಿ ಅದನ್ನು ಪೂರ್ತಿ ಬಿಚ್ಚಿ, ಪಕ್ಕದ್ದಕ್ಕೆ ಸ್ಪ್ಯಾನರ್ ಹಾಕಿದರು. ಅಪ್ಪನ ಮಡಿಲಿನಿಂದ ಬಟ್ಟೆಯೆಲ್ಲ ನೆಲಕ್ಕೆ ಬಿತ್ತು.

‘ಹಾಗಲ್ಲಾ!’

ಬೀದಿಯ ತುದಿಗೆ ಕೇಳುವಂಥ ಕೂಗು. ಇವರ ಕೈಯಿಂದ ಸ್ಪ್ಯಾನರ್ ಜಾರಿತು. ಅಪ್ಪ ಬಂದವನೇ ಅದನ್ನು ಎತ್ತಿಕೊಂಡು, ಬಿಚ್ಚಿದ ಬೋಲ್ಟನ್ನು ಮತ್ತೆ ಕೂರಿಸಿ, ಎದುರು ಮೂಲೆಯಿಂದ ಶುರು ಮಾಡಿದ. ನನ್ನ ಕಡೆ ನೋಡಲಿಲ್ಲ. ಇವರು ನೋಡಿದರು.

‘ನಿನಗೆ ಮೊದಲೇ ಗೊತ್ತಿತ್ತು ಅಲ್ವಾ?’

‘ಊಟಕ್ಕೆ ಏನು ಮಾಡಲಿ?’ ಎಂದು ಒಳಗೆ ನಡೆದೆ.

ಹೀಗೆ ಕೆಲಸ ಶುರುವಾಯಿತು. ಬಿಡಿಭಾಗಗಳನ್ನು ಎಲ್ಲೆಲ್ಲಿಂದಲೋ ತರಿಸಿದೆವು. ಸಿಗದ್ದನ್ನು ಅಪ್ಪನೇ ಅರದಿಂದ ಕಬ್ಬಿಣ ಉಜ್ಜಿ ಮಾಡಿದ. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆದೆವು. ಮುಂದಿನ ಚಕ್ರಗಳಿಗೆ ಹೊಸ ಕಾಲದ ಡಿಸ್ಕ್ ಬ್ರೇಕು ಬಂತು. ಅಪ್ಪನ ಭುಜ ನೋಯುತ್ತದೆಂದು ಇವರು ಗುಜರಿಗೆ ಹೋದ ಒಂದು ಸಣ್ಣ ಕಾರಿನಿಂದ ಮೋಟರು ಕಿತ್ತು ತಂದು, ತಿರುಗಿಸಲು ಹಗುರಾಗಲೆಂದು ಸ್ಟಿಯರಿಂಗಿಗೆ ಜೋಡಿಸಿದರು. ಹಳೆಯ ವೈರನ್ನೆಲ್ಲ ಹಗ್ಗ ಎಳೆದ ಹಾಗೆ ಎಳೆದು ಬಿಸಾಕಿ ಹೊಸದು ಹಾಕಿದರು.

ಆದರೆ ಅಪ್ಪ ಮುಖ ಮಾತ್ರ ನೋಡುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ಬರೆಯಬೇಕಿತ್ತು. ನನ್ನ ಅಂಗಡಿಯಲ್ಲಿ ಬಟ್ಟೆ ಗುರುತು ಮಾಡುವ ಸೀಮೆಸುಣ್ಣದ ಚಪ್ಪಟೆ ತುಂಡುಗಳು ಬೇಕಾದಷ್ಟಿದ್ದವು. ದೊಡ್ಡಕ್ಕನಿಗೆ ಆಗ ಬೂದು ಬಣ್ಣದ ಪ್ರೈಮರ್ ಹೊಡೆದಿತ್ತು. ಹತ್ತಿರ ಎಲ್ಲಿ ಸಿಕ್ಕಿತೋ ಅಲ್ಲಿ ಅವಳ ಮೈಮೇಲೇ ಬರೆದೆವು. ಬಾಗಿಲ ಮೇಲೆ ‘ಊಟ ಆರ್ತಿದೆ’, ಡಿಕ್ಕಿಯ ಮೇಲೆ ‘ಮಾತ್ರೆ ತಗೊಂಡ್ಯಾ?’, ಬಾನೆಟ್ಟಿನ ಮೇಲೆ ಇವರ ಅಕ್ಷರದಲ್ಲಿ ‘ಮಾವ, ನಿಮ್ಮ ಮಗಳು ಕಾರಣವಿಲ್ಲದೆ ರೇಗ್ತಿದಾಳೆ’. ಅದರ ಕೆಳಗೆ ಅಪ್ಪ ಬರೆದಿದ್ದ: ‘ಗ್ಯಾರಂಟಿ ಅವಧಿ ಮುಗಿದಿದೆ.’ ಬಣ್ಣ ಹೊಡೆಯುವ ಮುಂಚೆ ಎಲ್ಲವನ್ನೂ ಒರೆಸಬೇಕಾದಾಗ ನನಗೆ ಕೈಯೇ ಬರಲಿಲ್ಲ. ಇವರೇ ಒರೆಸಿದರು.

ಎಂಜಿನ್ನು ಮೊದಲ ಸಲ ಹೊತ್ತಿಕೊಂಡ ದಿನ ಕಾರಿನೊಳಗೆ ಸೀಟಿಲ್ಲ, ಬಾಗಿಲುಗಳನ್ನೂ ಕಳಚಿಟ್ಟಿದ್ದೆವು, ಬರೀ ಅಸ್ಥಿಪಂಜರ. ಅಪ್ಪ ಎಡಗೈಯನ್ನು ಮಡ್‌ಗಾರ್ಡಿನ ಮೇಲೆ ಒತ್ತಿಕೊಂಡು ಕೀ ತಿರುಗಿಸಲು ಇವರಿಗೆ ಸನ್ನೆ ಮಾಡಿದ. ಅದು ಕೆಮ್ಮಿತು, ಉಗುಳಿತು, ಆಮೇಲೆ ಗುಡುಗುಟ್ಟುತ್ತಾ ಓಡತೊಡಗಿತು. ಅಪ್ಪನ ಬೆರಳ ತುದಿಯಿಂದ ಭುಜದವರೆಗೆ ಆ ನಡುಕ ಹತ್ತುವುದು ನನಗೇ ಕಾಣುತ್ತಿತ್ತು. ಅವನ ಕಣ್ಣು ಮೆಲ್ಲಗೆ ಮೇಲೆ ಬಂತು. ನನ್ನ ಕಾಲು, ಕೈ, ಕುತ್ತಿಗೆ. ಗದ್ದದವರೆಗೆ ಬಂದು ಅಲ್ಲೇ ನಿಂತು ತಿರುಗಿ ಕೆಳಗಿಳಿಯಿತು. ಇನ್ನೊಂದು ಗೇಣು ಎಂದುಕೊಂಡೆ ನಾನು, ಇನ್ನೊಂದೇ ಗೇಣು.

ಅಷ್ಟರಲ್ಲಿ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಎರಡು ವಾರ ಧೂಳಿಗೆ ಬರಬಾರದು, ಬಗ್ಗಬಾರದು. ಆ ಎರಡು ವಾರದಲ್ಲಿ ನಾವಿಬ್ಬರೂ ಸೇರಿ ಅಪ್ಪನಿಗೆ ಗೊತ್ತಾಗದ ಹಾಗೆ ಉಳಿದದ್ದನ್ನು ಮುಗಿಸುವುದೆಂದು ತೀರ್ಮಾನಿಸಿದೆವು. ಕೂತ ಕೂಡಲೇ ಅರಮನೆಯಲ್ಲಿ ಕೂತ ಹಾಗಿರಬೇಕು. ಇವರು ಎಂಜಿನ್ನಿನ ಅಡಿಯಲ್ಲಿ ಒಣಗಿ ಕಲ್ಲಾಗಿದ್ದ ಹಳೆಯ ರಬ್ಬರುಗಳನ್ನು ತೆಗೆದು, ಒಳಗೆ ಎಣ್ಣೆ ತುಂಬಿರುವ ಹೊಸ ಕಾಲದ ಮೆತ್ತನೆಯ ರಬ್ಬರು ಹಾಕಿಸಿದರು. ಇನ್ನೊಂದು ಸೈಲೆನ್ಸರ್ ಸೇರಿಸಿದರು. ನಾನು ನೆಲಕ್ಕೆ ಮೂರು ಪದರ ದಪ್ಪ ಉಣ್ಣೆ ಹಾಸಿ, ಅದರ ಮೇಲೆ ಕಾರ್ಪೆಟ್ಟು ಹೊಲಿದೆ. ಅಪ್ಪನ ಸೊಂಟನೋವು ನೆನೆದು ನೆನೆದು ಸೀಟಿಗೆ ಆರು ಇಂಚು ಸ್ಪಂಜು ತುಂಬಿದೆ. ಸ್ಟಿಯರಿಂಗಿಗೂ ಮೆತ್ತನೆಯ ಚರ್ಮದ ಗವಸು. ನನ್ನ ಬಾಳಿನಲ್ಲಿ ಅಷ್ಟು ಚಂದದ ಹೊಲಿಗೆ ನಾನು ಹಾಕಿಲ್ಲ. ಇವರು ಕೀ ತಿರುಗಿಸಿ, ಡ್ಯಾಶ್‌ಬೋರ್ಡಿನ ಮೇಲೆ ಒಂದು ಲೋಟ ನೀರಿಟ್ಟು ತೋರಿಸಿದರು. ನೀರು ಅಲುಗಲಿಲ್ಲ. ನಾವು ಹಿರಿಹಿರಿ ಹಿಗ್ಗಿದೆವು.

ಅಪ್ಪನನ್ನು ಕೈ ಹಿಡಿದು ಕರೆತಂದು ಕೂರಿಸಿದೆವು. ಕಡುನೀಲಿ ಬಣ್ಣ, ಹೊಳೆಯುವ ಕ್ರೋಮಿಯಂ, ನನ್ನ ಸೀಟು. ಎಲ್ಲವನ್ನೂ ಸವರಿ ಸವರಿ ನೋಡಿದ. ಕೀ ತಿರುಗಿಸಿದ.

ದೊಡ್ಡಕ್ಕ ಒಂದೇ ಏಟಿಗೆ ಶುರುವಾದಳು. ನಾವು ಚಪ್ಪಾಳೆ ಹೊಡೆದೆವು. ಅಪ್ಪ ಮುಂದೆಯೇ ನೋಡುತ್ತಾ ಕೂತಿದ್ದ. ಒಂದು ಕ್ಷಣ ಬಿಟ್ಟು ಮತ್ತೆ ಕೀ ತಿರುಗಿಸಿದ.

ಓಡುತ್ತಿರುವ ಎಂಜಿನ್ನಿಗೆ ಮತ್ತೆ ಸೆಲ್ಫ್ ಹೊಡೆದರೆ ಒಳಗಿನ ಚಕ್ರಗಳ ಹಲ್ಲಿಗೆ ಹಲ್ಲು ಉಜ್ಜಿ ಹೊರಡುವ ಸದ್ದು ಕೇಳಿದವರಿಗೇ ಗೊತ್ತು. ಕಲಿಯಲು ಬಂದವರು ಅಂಥ ತಪ್ಪು ಮಾಡಿದರೆ ಅಪ್ಪ ಅವತ್ತೆಲ್ಲ ಅವರಿಂದ ನೆಲ ಗುಡಿಸಿಸುತ್ತಿದ್ದ. ಅದೇ ಅಪ್ಪ ಈಗ ಮೂರನೇ ಸಲ ಕೀ ತಿರುಗಿಸಿದ. ‘ಅಪ್ಪಾ, ಬಿಡು! ಆನ್ ಆಗಿದೆ!’ ಎಂದು ಅರಚಿದೆ. ಯಾರಿಗೆ ಅರಚಬೇಕು? ಇವರು ಓಡಿಹೋಗಿ ಕಿಟಕಿಯಲ್ಲಿ ಕೈ ಹಾಕಿ ಅಪ್ಪನ ಮಣಿಕಟ್ಟು ಹಿಡಿದರು.

ಅಪ್ಪ ಆಯಿಲ್ ಒತ್ತಡ ತೋರಿಸುವ ಮುಳ್ಳಿನ ಕಡೆ ನೋಡಿದ. ಅದು ಎದ್ದು ನಿಂತಿತ್ತು. ಹಿಂದೆ ತಿರುಗಿ ಹೊಗೆ ನೋಡಿದ. ಅರ್ಥವಾಯಿತು. ಮೆಲ್ಲಗೆ ಕೀ ಆಫ್ ಮಾಡಿ, ಸ್ಟಿಯರಿಂಗನ್ನು ಒಂದು ಸಲ ಒರೆಸಿ ಇಳಿದ.

‘ಚೆನ್ನಾಗಿದೆ,’ ಎಂದ. ತೀರಾ ಸಣ್ಣ ಧ್ವನಿಯಲ್ಲಿ. ‘ನೀವಿಬ್ಬರೇ ಓಡಾಡ್ಕೊಳ್ಳಿ.’

ಒಳಗೆ ಹೋಗಿ ಬಟ್ಟೆ ಮಡಚಲು ಕೂತ. ಊಟಕ್ಕೆ ಕರೆಯಲು ಹೋದರೆ ಮತ್ತೆ ನನ್ನ ಕಾಲನ್ನೇ ನೋಡಿದ.

ನನ್ನ ಮೇಲೆ ನನಗೇ ಅಸಹ್ಯವಾಯಿತು. ಕಿವಿ ಹೋದ ಮನುಷ್ಯನಿಗೆ ಉಳಿದದ್ದು ಅಂಗೈ, ಬೆನ್ನು, ಪಾದ. ಅದರಲ್ಲೇ ಅವನು ಎಂಜಿನ್ನು ಕೇಳುತ್ತಿದ್ದ. ನಾನು ಪ್ರೀತಿಯಿಂದ ಕೂತು, ಉಣ್ಣೆ ಹಾಸಿ, ಸ್ಪಂಜು ತುಂಬಿ, ಗವಸು ತೊಡಿಸಿ, ಅವನ ಆ ಕಿವಿಗಳನ್ನೂ ಒಂದೊಂದಾಗಿ ಮುಚ್ಚಿದ್ದೆ. ಗ್ಯಾರೇಜಿನಲ್ಲಿ ನಕ್ಕವರು ನನ್ನಷ್ಟು ಕೆಟ್ಟದ್ದು ಮಾಡಿರಲಿಲ್ಲ.

ಮಾರನೆಯ ದಿನ ಬ್ಲೇಡು ತಗೊಂಡು ಕಾರಿನೊಳಗೆ ಕೂತೆ. ಇವರು ಬರುವಷ್ಟರಲ್ಲಿ ಅರ್ಧ ಸೀಟು ಸೀಳಿಯಾಗಿತ್ತು.

‘ಏನಾಗಿದೆ ನಿನಗೆ!’

‘ಆ ರಬ್ಬರು ಕಿತ್ತುಹಾಕಿ. ಎಂಜಿನ್ನು ಸೀದಾ ಕಬ್ಬಿಣದ ಮೇಲೆ ಕೂರಬೇಕು.’

‘ಕಾರು ನಡುಗಬಾರದು ಅಂತ ಪ್ರಪಂಚವೆಲ್ಲ ತಲೆ ಕೆಡಿಸ್ಕೊಂಡಿದೆ. ನೀನು ನಡುಗಬೇಕು ಅಂತೀಯಾ?’

‘ಪ್ರಪಂಚಕ್ಕೆ ಕಿವಿ ಕೇಳಿಸುತ್ತೆ ಕಣ್ರೀ,’ ಎಂದೆ. ಇವರು ಹತ್ತಿರ ಬಂದು ಇನ್ನೊಂದು ತುದಿಯಿಂದ ಕಾರ್ಪೆಟ್ಟು ಎಳೆಯತೊಡಗಿದರು.

ಮೂರು ವಾರ ಹಿಡಿಯಿತು. ಇವರು ದಪ್ಪ ಕಬ್ಬಿಣದ ತಗಡು ಕತ್ತರಿಸಿ, ತೂತು ಕೊರೆದು, ಎಂಜಿನ್ನನ್ನು ಚೌಕಟ್ಟಿಗೆ ಸೀದಾ ಬಿಗಿದರು. ಎರಡನೇ ಸೈಲೆನ್ಸರ್ ಮೂಲೆ ಸೇರಿತು. ನಾನು ನೆಲವನ್ನು ಬರೀ ತಗಡಾಗಿ ಬಿಟ್ಟೆ. ಡ್ರೈವರ್ ಸೀಟಿಗೆ ಸ್ಪ್ರಿಂಗಿನ ಮೇಲೆ ಒಂದೇ ಪದರ ಗಟ್ಟಿ ಬಟ್ಟೆ. ಸ್ಟಿಯರಿಂಗಿನ ಗವಸನ್ನು ಇವರಿಗೆ ಕೊಟ್ಟೆ, ಬೇಕಾದರೆ ತಲೆಗೆ ಹಾಕಿಕೊಳ್ಳಿ ಎಂದೆ.

ಒಂದು ಭಾನುವಾರ ಬೆಳಿಗ್ಗೆ ಇವರು ಒಬ್ಬರೇ ಶೆಡ್ಡಿಗೆ ಹೋಗಿ ಕೀ ತಿರುಗಿಸಿದರು. ಅಪ್ಪ ಆಗ ಒಳಗೆ, ಶೆಡ್ಡಿನ ಕಡೆಯ ಗೋಡೆಗೆ ಒರಗಿ ಕೂತು ಟವೆಲ್ಲು ಮಡಚುತ್ತಿದ್ದ. ಕಪಾಟಿನ ಪಾತ್ರೆಗಳು ಗಿಲಿಗಿಲಿ ಎಂದವು. ಕಿಟಕಿಯ ಗಾಜು ಗುಂಯ್ ಎಂದಿತು. ಅಪ್ಪನ ಕೈ ನಿಂತಿತು. ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿ ಹಾಗೆಯೇ ಕೂತಿದ್ದ. ಆಮೇಲೆ ಟವೆಲ್ಲನ್ನು ಅರ್ಧಕ್ಕೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಎದ್ದು ನಡೆದ. ನಾನು ಹಿಂದೆ ಓಡಿದೆ.

ಇವರು ಇಳಿದ ಕೂಡಲೇ ಅಪ್ಪ ಬರಿಗಾಲಲ್ಲೇ ಹತ್ತಿ ಕೂತು, ಮೊದಲು ಆಫ್ ಮಾಡಿದ. ಎರಡೂ ಪಾದಗಳನ್ನು ತಗಡಿಗೆ ಒತ್ತಿಕೊಂಡು ಕೀ ತಿರುಗಿಸಿದ. ಎಂಜಿನ್ನು ಹತ್ತಿದ ಕ್ಷಣದಲ್ಲೇ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ, ಕೀ ಬಿಟ್ಟ. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತಿದ್ದು,

‘ಅಳಿಯಂದಿರೇ! ಐದನೇ ಪ್ಲಗ್ಗು ಆಗಾಗ ತಪ್ಪಿಸ್ತಿದೆ!’ ಎಂದು ಗರ್ಜಿಸಿದ.

‘ಇಲ್ಲವಲ್ಲ ಮಾವ, ಸರಿಯಾಗೇ ಇದೆ,’ ಎಂದು ಇವರು ಕೈಯಲ್ಲಾಡಿಸಿದರು. ಆದರೂ ಬಿಚ್ಚಿ ನೋಡಿದರು. ಪ್ಲಗ್ಗಿನ ತುದಿಗೆ ಮಸಿ ಕಟ್ಟಿತ್ತು. ನಮ್ಮ ಎರಡು ಜೊತೆ ಒಳ್ಳೆಯ ಕಿವಿಗಳಿಗೆ ಅದು ಕೇಳಿರಲಿಲ್ಲ. ಇವರು ಪ್ಲಗ್ಗು ಉಜ್ಜಿ ಹಾಕಿದರು.

ಹೊರಟೆವು. ಅಪ್ಪ ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ನಾನು, ಹಿಂದೆ ಇವರು. ಕಾರಲ್ಲ ಅದು, ಹಿಟ್ಟಿನ ಗಿರಣಿ. ಬಾಗಿಲು, ಗಾಜು, ನನ್ನ ಬಳೆ, ಇವರ ಕನ್ನಡಕ ಎಲ್ಲವೂ ಗಡಗಡ ಎನ್ನುತ್ತಿದ್ದವು. ಹಿಂದಿನಿಂದ ಇವರು ಏನೋ ಹೇಳಿದರು. ‘ಏನ್ರೀ?’ ಎಂದೆ. ‘ಏನೇ?’ ಎಂದರು. ಎರಡು ಸಲ ಕಿರುಚಿ, ಇಬ್ಬರೂ ಕೈಬಿಟ್ಟೆವು. ಅಪ್ಪ ಆರಾಮಾಗಿ ಓಡಿಸುತ್ತಿದ್ದ.

ಚೌಕದಲ್ಲಿ ಸಿಗ್ನಲ್ ಕೆಂಪಾಗಿತ್ತು. ನಿಂತ ಕಾರು ಇನ್ನೂ ಜೋರಾಗಿ ನಡುಗತೊಡಗಿತು. ಇವರು ಕಿಟಕಿಗೆ ತಲೆ ಆನಿಸಿ ತಮ್ಮಷ್ಟಕ್ಕೆ ಏನೋ ಗೊಣಗಿಕೊಳ್ಳುತ್ತಿದ್ದರು. ಅಪ್ಪ ಹಿಂದಿನ ಸೀಟು ತೋರಿಸುವ ಎದುರಿನ ಕನ್ನಡಿಯತ್ತ ಕತ್ತು ಎತ್ತಿದ. ನೋಡುತ್ತಲೇ ಇದ್ದ. ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

‘ಪುಟ್ಟೀ! ಅಳಿಯಂದಿರು ಏನಂತಿದಾರೆ ಗೊತ್ತಾ? ಈ ಅಪ್ಪ ಮಗಳ ಸಹವಾಸದಲ್ಲಿ ನನ್ನ ಹಲ್ಲೆಲ್ಲ ಉದುರಿಹೋಗುತ್ತೆ ಅಂತಿದಾರೆ ಕಣೇ!’

ಇವರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ನಾನೂ ನಗಲು ಹೋದೆ, ಅದು ನಗುವಾಗಿ ಹೊರಬರಲಿಲ್ಲ. ಸೆರಗು ಹುಡುಕುತ್ತಾ ಕಿಟಕಿಯ ಕಡೆ ತಿರುಗಿದೆ. ಅಪ್ಪ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಅವನ ಕಣ್ಣು ನನ್ನ ಕಣ್ಣಲ್ಲಿತ್ತು.

‘ಯಾಕೆ ಅಳ್ತಿದೀಯ?’

‘ಅಳ್ತಿಲ್ಲ,’ ಎಂದೆ. ಗಂಟಲಿನಿಂದ ಸದ್ದೇ ಹೊರಡಲಿಲ್ಲ, ತುಟಿಯಷ್ಟೇ ಅಲುಗಿತು.

‘ಸುಳ್ಳು ಹೇಳ್ಬೇಡ,’ ಎಂದ ಅಪ್ಪ. ಸಿಗ್ನಲ್ ಬಿಟ್ಟಿತು.